ಎಡ ಸ್ಪೀಕರಿನ ಸ್ವಂತಿಕೆ

ಅಂಬುಜಮ್ಮನವರ ಹಾಲ್‌ನಲ್ಲಿ ಎರಡು ಸ್ಪೀಕರುಗಳಿದ್ದವು. ಎಡಗಡೆಯದಕ್ಕೆ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿ ಸೇರಿದ್ದವು. ಹಾಗಾಗಿ ಬಲಗಡೆಯದು ಗಾಳಿಯನ್ನು ಮುಂದಕ್ಕೆ ತಳ್ಳಿದಾಗಲೆಲ್ಲ ಇದು ಹಿಂದಕ್ಕೆಳೆಯುತ್ತಿತ್ತು. ಹಾಡು ಹಾಕಿದರೆ ಮೃದಂಗದ ನಾದ ಎರಡರ ನಡುವೆಯೇ ಸತ್ತುಹೋಗುತ್ತಿತ್ತು.

"ನಮ್ಮನ್ನು ತಿರುಗಾಮುರುಗಾ ಹಾಕಿದ್ದಾರೆ. ಸ್ವಲ್ಪ ಗರಗರ ಎನ್ನು, ಅಮ್ಮ ಬಂದು ಸರಿಪಡಿಸುತ್ತಾರೆ" ಎಂದವು ತಂತಿಗಳು.

"ಸರಿಪಡಿಸುವುದೆಂದರೆ ನನ್ನನ್ನೂ ಆ ಬಲಗಡೆಯವನಂತೆ ಮಾಡುವುದೇ? ನನಗೆ ಸ್ವಂತಿಕೆಯಿದೆ!" ಎಂದಿತು ಎಡ ಸ್ಪೀಕರು.

ಮೃದಂಗ ಸರಿಯಾಗಿ ಕೇಳದೆ ಬೇಸತ್ತ ಅಂಬುಜಮ್ಮ ಒಂದು ದಿನ, ನೋಡೋಣವೆಂದು ಅದರ ತಂತಿಗಳನ್ನೇ ಕಿತ್ತರು. ಕೂಡಲೇ ಉಳಿದ ಒಂದರಿಂದಲೇ ಮೃದಂಗ ತುಂಬಿ ಮೊಳಗಿತು.

"ಅಯ್ಯೋ, ಇಷ್ಟು ದಿನ ಕೆಡಿಸುತ್ತಿದ್ದುದು ಇದೇನಾ!" ಎಂದು ಅವರು ಆ ಮೂಕ ಪೆಟ್ಟಿಗೆಯ ಮೇಲೊಂದು ಹೂದಾನಿ ಇಟ್ಟರು.

"ಅಂತೂ ನನ್ನ ಯೋಗ್ಯತೆ ಇವರಿಗೆ ತಿಳಿಯಿತು" ಎಂದುಕೊಂಡಿತು ಎಡ ಸ್ಪೀಕರು.