ಸೈಪ್ರಸ್ ಬೇಲಿ ಮುರಿಸಿದ ಮೊಲ

ಒಂದು ಕಾಡಿನ ಅಂಚಿನಲ್ಲಿ ಯಾರೂ ವಾಸವಿಲ್ಲದ ಹಳೆಯ ಬಂಗಲೆಯಿತ್ತು. ಅದರ ಸುತ್ತ ಒತ್ತಾಗಿ ನೆಟ್ಟ ಸೈಪ್ರಸ್ ಎಂಬ ಮರಗಳ ಬೇಲಿ. ಕತ್ತರಿಸುವವರಿಲ್ಲದೆ ಆ ಬೇಲಿ ಆನೆಗಿಂತ ಎತ್ತರ ಬೆಳೆದಿತ್ತು. ಬೇಲಿಯ ಬುಡದ ಬಿಲದಲ್ಲಿ ಪುಟ್ಟವ್ವ ಎಂಬ ಮೊಲ ಮೂರು ಮರಿಗಳೊಂದಿಗೆ ಇತ್ತು. ಮೇಲಿನ ಕೊಂಬೆಯಲ್ಲಿ ಕೆಂಚಿ ಎಂಬ ಪಿಕಳಾರ ಹಕ್ಕಿ ಗೂಡು ಕಟ್ಟಿತ್ತು.

ಬೇಲಿಯ ನೆರಳಿಗೆ ಅಂಗಳದ ಗರಿಕೆಯೆಲ್ಲ ಸತ್ತುಹೋಯಿತು. ಮೇವಿಲ್ಲದೆ ಮೊಲಕ್ಕೆ ಹಾಲು ಬತ್ತಿತು. ಕಿರಿಮರಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

"ಕೆಂಚಿ, ಈ ಬೇಲಿ ತಗ್ಗಿಸದಿದ್ದರೆ ನನ್ನ ಮಕ್ಕಳು ಉಳಿಯೋದಿಲ್ಲ ಕಣೇ," ಎಂದಿತು ಮೊಲ.

"ತಗ್ಗಿಸೋಣ ಅಕ್ಕ. ನನ್ನ ಮರಿಗಳ ರೆಕ್ಕೆ ಇನ್ನೂ ಬಲಿತಿಲ್ಲ, ಹತ್ತು ದಿನ ತಡಿ. ಆಮೇಲೂ ಮಂಗಗಳಿಂದ ತುದಿಯನ್ನಷ್ಟೇ ಮುರಿಸಬೇಕು. ಈ ಮರಕ್ಕೆ ಹೊರಗಷ್ಟೇ ಹಸಿರು, ಒಳಗೆಲ್ಲ ಒಣಕಡ್ಡಿ. ಒಣಕಡ್ಡಿಯವರೆಗೆ ಮುರಿದರೆ ಮತ್ತೆ ಚಿಗುರೋದಿಲ್ಲ."

ಮೊಲ ಒಪ್ಪಿತು. ಇದನ್ನೆಲ್ಲ ಒಂದು ನರಿ ಕೇಳಿಸಿಕೊಂಡಿತು. ಆ ಗೂಡಿನ ಮೇಲೆ ಅದಕ್ಕೆ ಬಹಳ ದಿನದಿಂದ ಕಣ್ಣಿತ್ತು. ಕೆಂಚಿ ಇಲ್ಲದ ಹೊತ್ತು ನೋಡಿ ಅದು ಮೊಲದ ಬಳಿ ಬಂತು.

"ಹತ್ತು ದಿನವೇ? ಅಲ್ಲಿಯವರೆಗೆ ನಿನ್ನ ಕಿರಿಮರಿ ಇರುತ್ತಾ ಪುಟ್ಟವ್ವ? ಹೂಂ ಅನ್ನು, ನಾಳೆಯೇ ಮಂಗಗಳನ್ನು ಕರೆತರ್ತೀನಿ. ಗೂಡು ಮುಟ್ಟಬೇಡಿ ಅಂತ ನಾನೇ ಹೇಳ್ತೀನಿ."

"ಕೆಂಚಿಗೆ ಒಂದು ಮಾತು ಹೇಳಬೇಕಲ್ಲ, ನರಿಯಣ್ಣ?"

"ಹೇಳಿದರೆ ಬೇಡ ಅಂತಾಳೆ ಅಷ್ಟೇ."

ಮೊಲ ಕಿರಿಮರಿಯನ್ನು ನೋಡಿತು. ಹೂಂ ಎಂದು ತಲೆಯಾಡಿಸಿತು.

ಮರುದಿನ ಕೆಂಚಿ ಹುಳ ಹುಡುಕಲು ಹೋದಾಗ ಮಂಗಗಳು ಬಂದವು. ಲಟಲಟನೆ ಕೊಂಬೆಗಳು ಒಣಕಡ್ಡಿಯವರೆಗೂ ಮುರಿದವು. ಗೂಡನ್ನು ಯಾರೂ ಉಳಿಸಲಿಲ್ಲ. ಅದು ನೆಲಕ್ಕೆ ಬಿತ್ತು. ನರಿ ಅಲ್ಲೇ ಕಾದಿತ್ತು.

"ಬೇಡ ನರಿಯಣ್ಣ!" ಎಂದು ಮೊಲ ಕೂಗುವಷ್ಟರಲ್ಲಿ ಕೆಂಚಿಯ ಎರಡೂ ಮರಿಗಳು ನರಿಯ ಬಾಯಲ್ಲಿದ್ದವು.

ಕೆಂಚಿ ಹಿಂತಿರುಗಿದಾಗ ಅದರ ಕೊಕ್ಕಿನಲ್ಲಿ ಹಸಿರು ಹುಳವಿತ್ತು. ಗೂಡಿದ್ದ ಜಾಗದಲ್ಲಿ ಅದು ಸುತ್ತಿತು, ಸುತ್ತಿತು. ಹುಳವನ್ನು ಮಾತ್ರ ಕೆಳಗೆ ಬಿಡಲಿಲ್ಲ.

ಹೊಟ್ಟೆ ತುಂಬಿದ ನರಿ ಬಿಸಿಲಿಗೆ ಮೈಚಾಚಿ ಮಲಗಿತು. ಗುಡ್ಡದ ಮೇಲಿನಿಂದ ಸೀಳುನಾಯಿಗಳಿಗೆ ಈ ಅಂಗಳ ಹಿಂದೆಂದೂ ಕಂಡಿರಲಿಲ್ಲ. ಈಗ ಬೇಲಿ ಮೋಟಾಗಿತ್ತು. ಅವು ಓಡಿ ಬಂದವು. ನರಿ ಬೇಲಿಯೊಳಗೆ ನುಗ್ಗಿತು. ಅಲ್ಲಿ ಅಡಗಲು ಎಲೆಯೇ ಇರಲಿಲ್ಲ. ಸೀಳುನಾಯಿಗಳು ಅದನ್ನು ಅಲ್ಲೇ ಮುಗಿಸಿದವು.

ಅಂಗಳಕ್ಕೆ ಬಿಸಿಲು ಬಂತು. ಆದರೆ ಬಿಸಿಲು ಬಿದ್ದೊಡನೆ ಹುಲ್ಲು ಬರುವುದಿಲ್ಲ. ಆರನೆಯ ದಿನ ಕಿರಿಮರಿ ಸತ್ತಿತು.

ಅಂದು ಕೆಂಚಿ ಕೆಳಗಿಳಿದು ಮೊಲದ ಪಕ್ಕ ಕುಳಿತಿತು.

"ನನ್ನನ್ನು ಬೈಯೇ ಕೆಂಚಿ," ಎಂದಿತು ಮೊಲ.

"ಬೈದರೆ ಹೋದವರು ಯಾರು ಮರಳಿ ಬರ್ತಾರೆ ಅಕ್ಕ?"

ದಿನಗಳು ಕಳೆದವು. ಮಳೆ ಬಂತು. ಕಾಡೆಲ್ಲ ಚಿಗುರಿತು. ಬೇಲಿ ಮಾತ್ರ ಕಂದು ಕಡ್ಡಿಯಾಗಿಯೇ ನಿಂತಿತು. ಗೂಡು ಕಟ್ಟಲು ಕೊಂಬೆಯಿಲ್ಲದೆ ಕೆಂಚಿ ಗುಡ್ಡದಾಚೆಗೆ ಹಾರಿಹೋಯಿತು. ಅಂಗಳದ ತುಂಬ ಬೆಳೆದ ಗರಿಕೆಯನ್ನು ಎರಡು ಮರಿಗಳು ಮೇಯುತ್ತಿದ್ದವು. ತಾಯಿ ಮೊಲ ಮೇಲೆ ನೋಡುತ್ತ ಕುಳಿತಿತ್ತು.

ನೀತಿ: ನಮ್ಮ ಕಷ್ಟ ಎಷ್ಟೇ ದೊಡ್ಡದಿರಲಿ, ನೆರೆಯವರಿಗೆ ಕೊಟ್ಟ ಮಾತು ಮುರಿದು ವಂಚಕನ ನೆರವು ಪಡೆಯಬಾರದು, ಆತುರದಲ್ಲಿ ಕಳೆದುಕೊಂಡದ್ದು ಮರಳಿ ಬರುವುದಿಲ್ಲ.