ಡೇರೆ ಟಾಕೀಸಿನ ಮೋಟರು

"ಹುರುಪು ಹೋದವನು ಮಠದಲ್ಲಿ ಇರಬಹುದೇ, ಬುದ್ಧಿ?" ಎಂದು ಶಿಷ್ಯ ಮಲ್ಲಾರಾಧ್ಯ ತನ್ನ ಗುರುಗಳನ್ನು ಕೇಳಿದ.

ಜ್ವರ ಬಿಟ್ಟು ತಿಂಗಳಾದರೂ ಅವನ ಮೈಯಲ್ಲಿ ಕಸುವಿರಲಿಲ್ಲ, ಜಪದಲ್ಲಿ ರುಚಿಯಿರಲಿಲ್ಲ. ಹುರುಪು ಬರಲೆಂದು ಜಪವನ್ನು ಇಮ್ಮಡಿ ಮಾಡಿದ. ಮಣಿಗಳು ಓಡಿದವೇ ಹೊರತು ಹುರುಪು ಬರಲಿಲ್ಲ. ಅವನ ಮಂತ್ರದ ವೇಗ ಕೇಳಿ ಮಠದವರೇ ಬಾಯಿಗೆ ಕೈಯಡ್ಡ ಇಟ್ಟು ನಕ್ಕರು. ಅಪ್ಪಣೆಯಾದರೆ ಊರಿಗೆ ಹೊರಟುಬಿಡೋಣ ಎಂದು ಬಟ್ಟೆ ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿದರು. "ಅದನ್ನು ಕೆಳಗಿಟ್ಟು ಕೂತುಕೋ. ಬಸ್ಸು ಹೇಗೂ ತಡವಾಗಿಯೇ ಬರುತ್ತೆ. ಒಂದು ಕತೆ ಹೇಳ್ತೀನಿ. ನಡೆದದ್ದೇ. ನಡೆದಿಲ್ಲ ಅಂತ ಯಾರಾದರೂ ಅಂದರೆ, ಇನ್ನು ಮೇಲೆ ನಡೆಯುತ್ತೆ ಅನ್ನು" ಎಂದರು.

ಒಬ್ಬ ಡೇರೆ ಟಾಕೀಸಿನವನಿದ್ದ. ಊರೂರಿಗೆ ಹೋಗಿ ಡೇರೆ ಹಾಕಿ ಸಿನಿಮಾ ತೋರಿಸುತ್ತಿದ್ದ. ಕರೆಂಟಿಗೆ ಸ್ವಂತ ಜನರೇಟರು. ರೀಲು ಓಡಿಸುವವನು ಅವನೇ, ಟಿಕೆಟ್ ಹರಿಯುವವಳು ಅವನ ಹೆಂಡತಿ. ರೀಲನ್ನು ಎಳೆಯುವ ಮೋಟರು ಸಿಂಕ್ರೊನಸ್ ಜಾತಿಯದು. ಕರೆಂಟು ಸೆಕೆಂಡಿಗೆ ಇಷ್ಟು ಸಲ ಎಂದು ಮಿಡಿಯುತ್ತದಲ್ಲ, ಆ ಮಿಡಿತಕ್ಕೆ ಸರಿಯಾಗಿ ಅದು ಹೆಜ್ಜೆ ಹಾಕುತ್ತದೆ. ವೋಲ್ಟೇಜು ಇಳಿದರೆ ಅದರ ತಾಕತ್ತು ಇಳಿಯುತ್ತದೆ, ವೇಗ ಇಳಿಯುವುದಿಲ್ಲ. ಮಿಡಿತ ಏರಿದರೆ ಮಾತ್ರ ವೇಗ ಏರುತ್ತದೆ. ತಾಕತ್ತು ಮೀರಿ ಹೊರೆ ಬಿತ್ತೋ, ಅದು ತೆವಳಿಕೊಂಡು ಹೋಗುವ ಪೈಕಿಯಲ್ಲ. ಹೆಜ್ಜೆ ತಪ್ಪಿ ನಿಂತೇಬಿಡುತ್ತದೆ.

ಒಂದು ಹೊಸ ಊರಿನಲ್ಲಿ ಮೊದಲ ಆಟ. ಅದು ಕೆಟ್ಟರೆ ಮಾರನೆಯ ದಿನ ಡೇರೆ ಕಿತ್ತಂತೆಯೇ. ಊರವರು ಬೆರಗಾಗಲೆಂದು ಬಾಗಿಲ ಮೇಲೆ ತನ್ನ ಹೆಸರನ್ನು ಬಣ್ಣದ ಬಲ್ಬುಗಳಲ್ಲಿ ಬರೆಸಿದ್ದ. ಹೆಸರು ಉದ್ದದ್ದು. ಅಪ್ಪನ ಹೆಸರೂ ಸೇರಿತ್ತು.

ಅರ್ಧ ಆಟಕ್ಕೆ ತೆರೆ ಮಂಕಾಯಿತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಹಾಡುವ ಜಾಗ ಅದು. ಹಾಡು ಸರಿಯಾಗಿಯೇ ಇತ್ತು, ಮುಖ ಮಾತ್ರ ಕಾಣದು. ಜನ ಶಿಳ್ಳೆ ಹೊಡೆದರು. ಅವನು ಓಡಿಹೋಗಿ ಜನರೇಟರಿನ ಎಂಜಿನ್ನಿನ ವೇಗ ಏರಿಸಿದ. ತೆರೆ ಫಳಫಳ ಹೊಳೆಯಿತು. ಆದರೆ ಮಿಡಿತವೂ ಏರಿತು, ಮೋಟರು ಅದರ ಹಿಂದೆಯೇ ಓಡಿತು. ತಾಯಿ ಕೀಚಲು ದನಿಯಲ್ಲಿ ಹಾಡುತ್ತ, ಮೃದಂಗ ಬಾರಿಸಿದ ಹಾಗೆ ಎದೆ ಬಡಿದುಕೊಂಡಳು. ಅಳಬೇಕಾದ ಜನ ಬಿದ್ದು ಬಿದ್ದು ನಕ್ಕರು.

ಹೆಂಡತಿ ಓಡಿಬಂದಳು. "ರೀ, ಆ ಯಮ್ಮ ಅಳ್ತಾ ಇದಾಳೋ, ಅಳಿಲು ಕೂಗ್ತಾ ಇದೆಯೋ? ಮೊದಲು ಎಂಜಿನ್ ಇಳಿಸಿ!"

"ಇಳಿಸಿದರೆ ಕತ್ತಲಾಗುತ್ತಲ್ಲೇ!"

"ಹೊರಗೆ ನಿಮ್ಮ ಹೆಸರು ಮದುವೆ ಮನೆ ಹಾಗೆ ಉರೀತಿದೆ. ಅದನ್ನ ಓದೋರೆಲ್ಲ ಒಳಗೆ ಕೂತಿದಾರೆ."

ಅವನು ಎಂಜಿನ್ನನ್ನು ಮೊದಲಿದ್ದ ಗುರುತಿಗೆ ಇಳಿಸಿದ. ಬಾಗಿಲಿಗೆ ಹೋಗಿ ತನ್ನ ಹೆಸರನ್ನು ಆರಿಸಿದ, ಅಪ್ಪನದನ್ನೂ ಸೇರಿಸಿ. ಜನರೇಟರಿನ ಹೊರೆ ಇಳಿದು ವೋಲ್ಟೇಜು ಮೇಲೆ ಬಂತು. ತೆರೆ ಬೆಳಗಿತು. ತಾಯಿ ತನ್ನ ದನಿಯಲ್ಲೇ ಹಾಡಿದಳು. ಮುಂದಿನ ಸಾಲಿನಲ್ಲಿ ಯಾರೋ ಅತ್ತು ಮೂಗೆಳೆದುಕೊಂಡ ಸದ್ದು ಕೇಳಿಸಿತು. ಟಾಕೀಸಿನವನಿಗೆ ಹೋದ ಜೀವ ಬಂದಂತಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಲ್ಲಾರಾಧ್ಯನಿಗೆ ನಗು ಬಂದಿತ್ತು, ಅದನ್ನು ನುಂಗಿಕೊಂಡ.

"ಬುದ್ಧಿ, ಹಾಗಾದರೆ ನನ್ನ ತಾಕತ್ತು ಮಾತ್ರ ಇಳಿದಿದೆ, ಹೆಜ್ಜೆ ತಪ್ಪಿಲ್ಲ ಅಂತಲೇ?"

"ಹಾಸಿಗೆ ಬಿಟ್ಟೆದ್ದ ಮೇಲೆ ಒಂದು ದಿನವಾದರೂ ಬೆಳಗಿನ ಪೂಜೆಗೆ ತಡವಾಗಿ ಬಂದೆಯೇನಯ್ಯಾ? ಜಪವನ್ನು ಮೊದಲಿನ ಲೆಕ್ಕಕ್ಕೆ ಇಳಿಸಿ, ಆ ಗಂಟು ಬಿಚ್ಚು" ಎಂದರು ಗುರುಗಳು.