ಬಜೆ ಇಲ್ಲದ ಅಂಗಡಿ

"ಗುರುಗಳೇ, ನಮ್ಮ ಅಂಗಡಿಗಳು ಊರೂರಲ್ಲಿವೆ. ಎಲ್ಲಿ ಏನು ಮಾರಾಟವಾಯಿತೆಂಬುದು ಆ ಕ್ಷಣಕ್ಕೇ ಕಂಪ್ಯೂಟರಿನಲ್ಲಿ ನನಗೆ ಕಾಣುತ್ತದೆ. ಈ ಬಲದಿಂದಲೇ ಎದುರಾಳಿಗಳನ್ನು ಹಿಂದೆ ಹಾಕಿದೆವು. ಈಗ ವ್ಯಾಪಾರ ಇಳಿಯುತ್ತಿದೆ. ಹೆಚ್ಚು ಖರ್ಚಾಗದ ಸಾಮಾನುಗಳನ್ನು ನಾಳೆ ಎಲ್ಲ ಅಂಗಡಿಗಳಿಂದ ತೆಗೆಸಬೇಕೆಂದಿದ್ದೇನೆ. ಲೆಕ್ಕ ಸರಿಯಾಗಿದ್ದರೂ ಮನಸ್ಸಿಗೆ ಏಕೆ ಭಯ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಹಲವು ಊರುಗಳಲ್ಲಿ ಅಂಗಡಿಗಳಿದ್ದವು. ಪ್ರತಿ ಅಂಗಡಿಯಿಂದಲೂ ಸಂಜೆ ಒಬ್ಬ ಓಲೆಕಾರ ಹೊರಟು, ಅಂದು ಏನೇನು ಎಷ್ಟೆಷ್ಟು ಮಾರಾಟವಾಯಿತೆಂದು ಬಂದು ತಿಳಿಸುತ್ತಿದ್ದ. ಬೇರೆ ಅಂಗಡಿಯವರು ಉಪ್ಪು ಮುಗಿದ ಮೇಲೆ ಉಪ್ಪಿಗೆ ಹೇಳಿಕಳಿಸುತ್ತಿದ್ದರು. ಉಪ್ಪು ಮುಗಿಯುವ ಮುನ್ನವೇ ಇವನ ಗಾಡಿ ಬಾಗಿಲಲ್ಲಿ ನಿಂತಿರುತ್ತಿತ್ತು. ಅವರ ಬೆಲ್ಲ ಗೋದಾಮಿನಲ್ಲಿ ಕರಗಿ ನೀರಾಗುತ್ತಿತ್ತು. ಇವನು ಬೇಕಾದಷ್ಟೇ ತರಿಸುತ್ತಿದ್ದ. ಒಬ್ಬೊಬ್ಬರಾಗಿ ಅವರೆಲ್ಲ ಅಂಗಡಿ ಮುಚ್ಚಿದರು.

ಒಂದು ಊರಿನಲ್ಲಿ ಮಾತ್ರ ಒಬ್ಬ ಎದುರಾಳಿ ಉಳಿದ. ಅವನ ಅಂಗಡಿ ವರ್ತಕನ ಅಂಗಡಿಗೆ ಎದುರಾಗಿಯೇ ಇತ್ತು. ಆ ಊರಿನ ಸುದ್ದಿ ಕೇಳುವಾಗ ವರ್ತಕನಿಗೆ ಒಂದು ದಿನ ಬಜೆಯ ಮೇಲೆ ಗಮನ ಹೋಯಿತು. ಕೂಸುಗಳಿಗೆ ತೇಯ್ದು ನೆಕ್ಕಿಸುವ ಬೇರು ಅದು. ತಿಂಗಳಿಗೆ ನಾಲ್ಕು ತುಂಡೂ ಹೋಗುತ್ತಿರಲಿಲ್ಲ. ಸುಮ್ಮನೆ ಜಾಗ ತಿನ್ನುತ್ತದೆಂದು ಅದನ್ನು ತೆಗೆಸಿದ.

ವರ್ಷ ಕಳೆಯುವುದರೊಳಗೆ ಅಕ್ಕಿಯ ಮಾರಾಟ ಇಳಿಯಿತು. ಮುಂದಿನ ವರ್ಷ ಬೆಲ್ಲ, ಎಣ್ಣೆ. ವರ್ತಕ ಬೆಳಿಗ್ಗೆಯೂ ಸುದ್ದಿ ತರುವಂತೆ ಅಪ್ಪಣೆ ಮಾಡಿದ. ಊಟಕ್ಕೆ ಕುಳಿತವನು ಬಾಗಿಲ ಕಡೆಗೇ ನೋಡುತ್ತಿದ್ದ. ಯಾವುದು ಇಳಿಯಿತೋ ಅದನ್ನು ಕಡಿಮೆ ತರಿಸಿದ. ಕಡಿಮೆ ತರಿಸಿದಷ್ಟೂ ಇಳಿಯಿತು. ಸುದ್ದಿಯೇ ಸುಳ್ಳಿರಬಹುದೆಂದು ಓಲೆಕಾರನನ್ನು ಬದಲಾಯಿಸಿದ. ಹೊಸಬನೂ ಅದನ್ನೇ ತಂದ. ಸುದ್ದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಹೀಗೇ ನಾಲ್ಕೈದು ವರ್ಷ ಕಳೆದ ಮೇಲೆ, ಕೊನೆಗೆ ತಾನೇ ಆ ಊರಿಗೆ ಹೋಗಿ ಬೀದಿಯಲ್ಲಿ ನಿಂತ. ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ತುಂಬಿದ ಚೀಲ ಹಿಡಿದು ಎದುರಂಗಡಿಯಿಂದ ಹೊರಬಂದಳು. ವರ್ತಕ ತಾನು ಯಾರೆಂದು ಹೇಳದೆ ಕೇಳಿದ: "ಯಾಕಮ್ಮ, ಅಕ್ಕಿ ಈ ಕಡೆಯ ಅಂಗಡಿಯಲ್ಲಿ ಅಗ್ಗವಲ್ಲವೇ?"

"ಅಗ್ಗವೇ, ಯಜಮಾನರೇ. ಆದರೆ ಕೂಸಿಗೆ ಬಜೆ ಅಲ್ಲಿ ಸಿಗುವುದಿಲ್ಲ. ಬಜೆಗೆಂದು ಇಲ್ಲಿಗೆ ಬಂದವಳು ಅಕ್ಕಿಗೆಂದು ಮತ್ತೆ ಬೀದಿ ದಾಟಲೇ? ದಾಟಿದರೆ ಕೂಸನ್ನು ನೀವು ಎತ್ತಿಕೊಳ್ಳುತ್ತೀರಾ?"

ಬಜೆ ಎಷ್ಟು ಹೋಗುತ್ತದೆಂದು ವರ್ತಕನಿಗೆ ಗೊತ್ತಿತ್ತು. ಬಜೆಗೆ ಬಂದವರು ಅದರ ಜೊತೆಗೆ ಇನ್ನೇನು ಒಯ್ಯುತ್ತಾರೆಂದು ಅವನು ಎಂದೂ ಕೇಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಬಜೆಯನ್ನು ಮತ್ತೆ ತರಿಸಿದನೇ ಎಂದು ಕೇಳಿದ.

"ತರಿಸಿದ. ಆದರೆ ಬಜೆ ಇಲ್ಲದ ಕಾಲದಲ್ಲಿ ಹುಟ್ಟಿದ ಮಕ್ಕಳು ಅಷ್ಟರಲ್ಲಿ ಎದುರಂಗಡಿಗೆ ತಾವೇ ನಡೆದು ಹೋಗುತ್ತಿದ್ದರು."